ಐದು ಟ್ರೈ ಹೊಡೆದು ಗೆದ್ದರೂ ಬೋನಸ್ ಅಂಕ ಯಾಕಿಲ್ಲ?

ಪ್ರಶ್ನೆ: ಜಪಾನ್ ರಗ್ಬಿ ಲೀಗ್ ಒನ್‌ನ 2023-24ರ ಅಂಕಪಟ್ಟಿಗೆ ನನ್ನ ಲೆಕ್ಕ ತಾಳೆಯಾಗುತ್ತಿಲ್ಲ. ನಾಲ್ಕು ಟ್ರೈ ಹೊಡೆದರೆ ಬೋನಸ್ ಅಂತ ಲೆಕ್ಕ ಹಾಕಿದೆ. ಐದು ಟ್ರೈ ಹೊಡೆದು ಗೆದ್ದವರಿಗೂ ಕೆಲವು ಸಲ 4 ಅಂಕವೇ ಇದೆ. ಪಟ್ಟಿಯಲ್ಲೇ ತಪ್ಪಿದೆಯೇ?

ಉತ್ತರ: ಪಟ್ಟಿ ಸರಿಯಾಗಿದೆ. ಈ ಪ್ರಶ್ನೆ ಪ್ರತಿ ಸೀಸನ್ನಿನಲ್ಲೂ ಬರುತ್ತದೆ, ಪ್ರತಿ ಸಲವೂ ಇದೇ ಉತ್ತರ: ಲೀಗ್ ಒನ್‌ನಲ್ಲಿ ನಾಲ್ಕು ಟ್ರೈಗೆ (ಎದುರಾಳಿಯ ಗೆರೆ ದಾಟಿ ಚೆಂಡು ನೆಲಕ್ಕೆ ಊರಿದರೆ ಒಂದು ಟ್ರೈ, 5 ಅಂಕ) ಬೋನಸ್ ಇಲ್ಲ. ಇಲ್ಲವೇ ಇಲ್ಲ. ಗೆದ್ದರೆ 4, ಸಮವಾದರೆ 2, ಸೋತರೆ ಸೊನ್ನೆ. ಗೆದ್ದ ತಂಡ ಎದುರಾಳಿಗಿಂತ ಕನಿಷ್ಠ 3 ಟ್ರೈ ಹೆಚ್ಚು ಹೊಡೆದಿದ್ದರೆ ಇನ್ನೊಂದು ಅಂಕ. ಸೋತ ತಂಡ 7 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತಿದ್ದರೆ ಅದಕ್ಕೂ ಒಂದು. ಇಷ್ಟೇ ನಿಯಮ.

ಹಾಗಾದರೆ ನಾಲ್ಕು ಟ್ರೈ ಮಾತು ಎಲ್ಲಿಂದ ಬಂತು? ವಿಶ್ವಕಪ್‌ನಿಂದ. ಅಲ್ಲಿ ಗೆಲ್ಲಲಿ ಸೋಲಲಿ, ನಾಲ್ಕು ಟ್ರೈ ಆದರೆ ಒಂದು ಅಂಕ ಖಚಿತ. ಸಿಕ್ಸ್ ನೇಷನ್ಸ್‌ನಲ್ಲೂ ಹಾಗೆಯೇ. ಸಾಲದ್ದಕ್ಕೆ, ಲೀಗ್ ಒನ್‌ಗೆ ಮುಂಚೆ 2003ರಲ್ಲಿ ಶುರುವಾದ ಟಾಪ್ ಲೀಗ್‌ನಲ್ಲಿ ಆರಂಭದ ವರ್ಷಗಳಲ್ಲಿ ನಾಲ್ಕು ಟ್ರೈ ಲೆಕ್ಕವೇ ಇತ್ತು. ಆ ಕಾಲದ ಬರಹಗಳು ಇನ್ನೂ ಓಡಾಡುತ್ತಿವೆ. ಅವನ್ನು ನಂಬಿ ಈಗಿನ ಪಟ್ಟಿ ಓದುವುದೆಂದರೆ ಹಳೇ ಪಂಚಾಂಗ ಹಿಡಿದು ಈ ವರ್ಷದ ಯುಗಾದಿ ಹುಡುಕಿದ ಹಾಗೆ.

ಎರಡು ಸ್ಕೋರು ಕೊಡುತ್ತೇನೆ. ಲೆಕ್ಕಕ್ಕೆಂದು ನಾನೇ ಕಟ್ಟಿದವು, ಹುಡುಕಲು ಹೋಗಬೇಡಿ. ಮೊದಲನೆಯದು 38-26. ಗೆದ್ದವರು ಐದು ಟ್ರೈ, ಐದಕ್ಕೂ ಕನ್ವರ್ಷನ್ (ಟ್ರೈ ಆದ ಮೇಲೆ ಗೋಲಿಗೆ ಒದೆಯುವುದು, 2 ಅಂಕ), ಜೊತೆಗೆ ಒಂದು ಪೆನಾಲ್ಟಿ (ಎದುರಾಳಿಯ ತಪ್ಪಿಗೆ ಸಿಕ್ಕ ಒದೆತ, 3 ಅಂಕ): 25, 10, 3. ಸೋತವರು ನಾಲ್ಕು ಟ್ರೈ, ಮೂರು ಕನ್ವರ್ಷನ್: 20, 6. ಒಟ್ಟು ಒಂಬತ್ತು ಟ್ರೈ ಬಿದ್ದ ಪಂದ್ಯ, ಆದರೆ ವ್ಯತ್ಯಾಸ ಒಂದೇ ಟ್ರೈ. ಗೆದ್ದವರಿಗೆ 4, ಅಂತರ 12 ಆದ್ದರಿಂದ ಸೋತವರಿಗೆ ಸೊನ್ನೆ. ಎರಡನೆಯದು 15-9. ಗೆದ್ದವರು ಮೂರು ಟ್ರೈ, ಒಂದಕ್ಕೂ ಕನ್ವರ್ಷನ್ ಇಲ್ಲ. ಸೋತವರದ್ದು ಬರೀ ಮೂರು ಪೆನಾಲ್ಟಿ. ನೋಡುವುದಕ್ಕೆ ಸಪ್ಪೆ ಪಂದ್ಯ. ಆದರೆ ಟ್ರೈ ವ್ಯತ್ಯಾಸ ಮೂರು, ಗೆದ್ದವರಿಗೆ 5. ಅಂತರ ಆರೇ ಆದ್ದರಿಂದ ಸೋತವರಿಗೂ 1. ನಾಲ್ಕು ಟ್ರೈ ಲೆಕ್ಕ ಹಾಕಿದವರು ಎರಡರಲ್ಲೂ ತಪ್ಪುತ್ತಾರೆ.

ಇನ್ನೊಂದು ಅಪಭ್ರಂಶವೂ ಚಾಲ್ತಿಯಲ್ಲಿದೆ: ದೊಡ್ಡ ಅಂತರದಲ್ಲಿ ಗೆದ್ದರೆ ಬೋನಸ್ ಅಂತ. ಅದೂ ಸುಳ್ಳು. ಗೆದ್ದವರ ಬೋನಸ್‌ಗೆ ಎಣಿಸುವುದು ಟ್ರೈಗಳನ್ನು ಮಾತ್ರ. ಪೆನಾಲ್ಟಿ ಒದ್ದು ಒದ್ದು 25 ಅಂಕ ಮುಂದೆ ಹೋದರೂ ಆ ಒಂದು ಅಂಕ ಬರುವುದಿಲ್ಲ.

ಸ್ಕೋರ್‌ಕಾರ್ಡ್ ಓದುವಾಗಲೂ ಎಡವುವವರಿದ್ದಾರೆ. ಜಪಾನಿನ ಪಂದ್ಯವರದಿಗಳಲ್ಲಿ ಟಿ, ಜಿ, ಪಿಜಿ, ಡಿಜಿ ಅಂತ ಅಂಕಣಗಳಿರುತ್ತವೆ. ಟಿ ಟ್ರೈ, ಪಿಜಿ ಪೆನಾಲ್ಟಿ, ಡಿಜಿ ಡ್ರಾಪ್ ಗೋಲ್. ಬರೀ ಜಿ ಅಂದರೆ ಟ್ರೈ ಆದ ಮೇಲಿನ ಕನ್ವರ್ಷನ್. ನಿಮಗೆ ಬೇಕಾದದ್ದು ಟಿ ಮಾತ್ರ. ಪೆನಾಲ್ಟಿ ಟ್ರೈಯನ್ನು (ಎದುರಾಳಿ ತಪ್ಪಾಟದಿಂದ ತಡೆದದ್ದಕ್ಕೆ ರೆಫರಿ ಕೊಡುವ ಟ್ರೈ) ಬೇರೆಯಾಗಿ ತೋರಿಸಿದ್ದರೆ ಅದನ್ನೂ ಟಿಗೆ ಕೂಡಿಸಿ. 7 ಅಂಕದ್ದಾದರೂ ಲೆಕ್ಕಕ್ಕೆ ಅದು ಒಂದೇ ಟ್ರೈ.

ಈ ನಿಯಮದ ಗಮ್ಮತ್ತು ಕಾಣುವುದು ಕೊನೆಯ ಐದು ನಿಮಿಷದಲ್ಲಿ. ನಾಲ್ಕು ಟ್ರೈ ನಿಯಮದಲ್ಲಿ ಬೋನಸ್ ಒಮ್ಮೆ ಕೈಗೆ ಬಂದರೆ ಯಾರೂ ಕಸಿಯುವ ಹಾಗಿಲ್ಲ. ಇಲ್ಲಿ ಕಸಿಯಬಹುದು. 31-12 ಅಂತಿಟ್ಟುಕೊಳ್ಳಿ, ಟ್ರೈ 5-2. 79ನೇ ನಿಮಿಷದಲ್ಲಿ ಸೋಲುತ್ತಿರುವ ತಂಡ ಒಂದು ಟ್ರೈ, ಅದರ ಕನ್ವರ್ಷನ್ ಗಳಿಸಿ 31-19 ಮಾಡಿತು. ಅವರಿಗೆ ಸಿಕ್ಕಿದ್ದು ಏನೂ ಇಲ್ಲ, ಆದರೆ ಎದುರಾಳಿಯ 5 ಅಂಕ 4ಕ್ಕೆ ಇಳಿಯಿತು. ರಗ್ಬಿಯಲ್ಲಿ 80 ನಿಮಿಷದ ಹಾರ್ನ್ ಕೂಗಿದ ಮೇಲೂ ಚೆಂಡು ಸತ್ತುಹೋಗುವ ತನಕ, ಅಂದರೆ ಹೊರಗೆ ಹೋಗುವ ಅಥವಾ ಆಟ ನಿಲ್ಲುವ ತನಕ, ಪಂದ್ಯ ಮುಗಿಯುವುದಿಲ್ಲ. ಬೋನಸ್ ಉಳಿಸಿಕೊಂಡವರು ಚೆಂಡು ಸಿಕ್ಕ ತಕ್ಷಣ ಹೊರಗೆ ಒದ್ದು ಕೈ ತೊಳೆದುಕೊಳ್ಳುತ್ತಾರೆ. ಕಳೆದುಕೊಂಡವರು, ಗೆಲುವು ಖಚಿತವಿದ್ದರೂ, ಸ್ವಂತ ಗೆರೆಯ ಹತ್ತಿರದಿಂದಲೇ ಓಡಲು ಶುರುಮಾಡುತ್ತಾರೆ. ಗೋಲ್‌ಕಂಬದ ಎದುರಿಗೇ ಪೆನಾಲ್ಟಿ ಸಿಕ್ಕರೂ 3 ಅಂಕ ಬಿಟ್ಟು, ಟ್ರೈ ಆಸೆಗೆ ಚೆಂಡನ್ನು ಮೂಲೆಗೆ ಒದ್ದು ಲೈನ್‌ಔಟ್ (ಪಕ್ಕದ ಗೆರೆಯಿಂದ ಚೆಂಡು ಒಳಗೆಸೆದು ಆಟ ಶುರುಮಾಡುವುದು) ತೆಗೆದುಕೊಳ್ಳುತ್ತಾರೆ. 20 ಅಂಕ ಮುಂದಿರುವವರಿಗೆ ಇಷ್ಟು ಆತುರ ಯಾಕೆ ಅಂತ ಕೇಳುವವರು ಟಿ ಅಂಕಣ ನೋಡಿರುವುದಿಲ್ಲ. ಫ್ರಾನ್ಸಿನ ಲೀಗ್ ಟಾಪ್ 14ರಲ್ಲೂ ಗೆದ್ದವರ ಬೋನಸ್‌ಗೆ ಇದೇ ಲೆಕ್ಕ. ನನ್ನ ಮಟ್ಟಿಗೆ ರಗ್ಬಿಯ ಬೋನಸ್ ನಿಯಮಗಳಲ್ಲಿ ಬುದ್ಧಿವಂತಿಕೆಯದ್ದು ಇದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು, ನೀವು ಕೇಳದಿದ್ದರೂ. ನೀವು ಆರಿಸಿಕೊಂಡ ಸೀಸನ್ನಿನಲ್ಲಿ ಈ ಅಂಕಗಳನ್ನೆಲ್ಲ ಅಚ್ಚುಕಟ್ಟಾಗಿ ಕೂಡಿಟ್ಟ ತಂಡಕ್ಕೆ ಕಪ್ ಸಿಗಲಿಲ್ಲ.

ಆ ವರ್ಷ ಮೊದಲ ಡಿವಿಷನ್‌ನಲ್ಲಿ 12 ತಂಡ, ಆರಾರರ ಎರಡು ಗುಂಪು. ತನ್ನ ಗುಂಪಿನ ಐವರ ಜೊತೆ ಎರಡೆರಡು ಪಂದ್ಯ, ಆಚೆ ಗುಂಪಿನ ಆರು ತಂಡಗಳ ಜೊತೆ ಒಂದೊಂದು, ಒಟ್ಟು 16. ಸೈತಾಮ ವೈಲ್ಡ್ ನೈಟ್ಸ್ ಹದಿನಾರನ್ನೂ ಗೆದ್ದಿತು. ಮೊದಲ ನಾಲ್ವರು ಸೆಮಿಫೈನಲ್‌ಗೆ: ಒಂದನೆಯವರ ಎದುರು ನಾಲ್ಕನೆಯವರು, ಎರಡನೆಯವರ ಎದುರು ಮೂರನೆಯವರು. ಅಲ್ಲಿಂದ ಮುಂದೆ ಬೋನಸ್‌ಗೆ ಬೆಲೆಯಿಲ್ಲ, ಸೋತವರಿಗೆ ಕಪ್‌ನ ಆಸೆ ಮುಗಿಯಿತು. ಐಪಿಎಲ್ ನೋಡಿ ಬೆಳೆದವರು ಇಲ್ಲೊಂದು ಕ್ವಾಲಿಫೈಯರ್ ಹುಡುಕುತ್ತಾರೆ. ಮೊದಲೆರಡು ಸ್ಥಾನದವರಿಗೆ ಎಡವಿದರೂ ಇನ್ನೊಂದು ಅವಕಾಶ ಕೊಡುವ ಆ ಏರ್ಪಾಡು ಇಲ್ಲಿಲ್ಲ. (2024-25ರಿಂದ ಲೀಗ್ ಪಂದ್ಯ 18, ಪ್ಲೇಆಫ್‌ಗೆ ಆರು ತಂಡ. ಆಗಲೂ ಎರಡನೇ ಅವಕಾಶ ಇಲ್ಲ.)

ವೈಲ್ಡ್ ನೈಟ್ಸ್ ಫೈನಲ್ ತಲುಪಿತು: 2024ರ ಮೇ 26, ತೋಕಿಯೊದ ನ್ಯಾಷನಲ್ ಸ್ಟೇಡಿಯಂ, 56,486 ಪ್ರೇಕ್ಷಕರು. ಎದುರಿಗೆ ನ್ಯೂಜಿಲೆಂಡಿನ ಆಟಗಾರ ರಿಚಿ ಮೊವುಂಗಾ ಆಡುತ್ತಿದ್ದ, ಟಾಡ್ ಬ್ಲ್ಯಾಕ್‌ಅಡರ್ ಕೋಚ್ ಆಗಿದ್ದ ತೋಶಿಬಾ ಬ್ರೇವ್ ಲೂಪಸ್. ಕೊನೆಯ ಹೊತ್ತಿನಲ್ಲಿ ಮೋರಿ ಯೂತೊ ಅವರ ಟ್ರೈಯಿಂದ ಲೂಪಸ್ 24-20ಕ್ಕೆ ಹೋಯಿತು. ನಾಲ್ಕು ಅಂಕದ ಅಂತರ. ಪೆನಾಲ್ಟಿ ಒದ್ದರೆ ಸಾಲದು, ಟ್ರೈಯೇ ಬೇಕು. ವೈಲ್ಡ್ ನೈಟ್ಸ್‌ನ ಮರಿಕಾ ಕೊರೊಯ್‌ಬೆಟೆ ಗೆರೆ ದಾಟಿ ಚೆಂಡು ಊರಿಯೂ ಬಿಟ್ಟರು. ವಿಡಿಯೊ ತಿರುಗಿಸಿ ನೋಡಿದಾಗ ಅದಕ್ಕೂ ಮುಂಚಿನ ಒಂದು ಪಾಸ್ ಮುಂದಕ್ಕೆ ಹೋಗಿತ್ತು. ರಗ್ಬಿಯಲ್ಲಿ ಕೈಯಿಂದ ಚೆಂಡು ಮುಂದಕ್ಕೆ ಎಸೆಯುವ ಹಾಗಿಲ್ಲ, ಟ್ರೈ ರದ್ದು. ಆ ಪಾಸ್ ಕೊಟ್ಟವರು ಹೋರಿಯೆ ಶೋತಾ, ಅದು ಅವರ ನಿವೃತ್ತಿಯ ಪಂದ್ಯ.