ಮನೆ ಖಾಲಿ ಮಾಡುವ ತಾರೀಖು ನನಗೆ ಹೇಳಬೇಡಿ

ಹಳೇ ಸಾಮಾನು ಕೊಳ್ಳುವವನು ನಾನು. ಯಾರದೇ ಮನೆಗೆ ಕಾಲಿಟ್ಟರೂ ನನ್ನ ಮೊದಲ ಪ್ರಶ್ನೆ ಸಾಮಾನಿನದ್ದಲ್ಲ. ‘ಮನೆ ಯಾವಾಗ ಖಾಲಿ ಮಾಡ್ತೀರಿ?’ ಅಂತ ಮಾತಿಗೆ ಮಾತು ಬಂದ ಹಾಗೆ ಕೇಳುತ್ತೇನೆ. ‘ಈ ಭಾನುವಾರ ಕೀ ಕೊಡಬೇಕು’ ಅಂದಿರೋ, ನನ್ನ ಲೆಕ್ಕ ಅಲ್ಲೇ ಮುಗಿಯಿತು. ಆಮೇಲೆ ಬೀರು ತೆಗೆದು ನೋಡುವುದು, ಮಂಚ ತಟ್ಟುವುದು ಎಲ್ಲ ಸುಮ್ನೆ ಶಾಸ್ತ್ರಕ್ಕೆ.

ಕಸುಬಿನ ಗುಟ್ಟು ನಾನೇ ಬಿಟ್ಟುಕೊಡುತ್ತಿದ್ದೇನೆ, ಇರಲಿ. ಸಾಮಾನು ಮಾರುವುದು ಒಂದು ಕೆಲಸ, ಮನೆ ಖಾಲಿ ಮಾಡುವುದು ಇನ್ನೊಂದು. ಎರಡನ್ನೂ ಒಂದೇ ದಿನ ಒಬ್ಬನ ತಲೆಗೆ ಕಟ್ಟಿದರೆ, ಖಾಲಿ ಮಾಡುವ ಕೂಲಿಯನ್ನು ಅವನು ಸಾಮಾನಿನ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಮುರಿದುಕೊಳ್ಳಲೇಬೇಕು. ಕಾಲು ಮುರಿದ ಕುರ್ಚಿ, ಡಬ್ಬ ಟಿವಿ, ಕಲೆಯಾದ ಹಾಸಿಗೆ ಹೊತ್ತು ಸಾಗಿಸುವ ಆಳೂ ಟೆಂಪೊನೂ ನನ್ನದೇ ತಾನೆ? ಲಿಫ್ಟ್ ಇಲ್ಲದ ಮೂರನೇ ಮಹಡಿಯಾದರಂತೂ ಕೇಳಲೇಬೇಡಿ.

ಕೆಲವು ವರ್ಷದ ಹಿಂದಿನ ಮಾತು, ಜಯನಗರದಲ್ಲೊಂದು ಹಳೇ ಮನೆ. ತಾಯಿಯನ್ನು ಮಗ ಅಮೆರಿಕಕ್ಕೆ ಕರೆದುಕೊಂಡು ಹೊರಟಿದ್ದರು. ಉಳಿದಿದ್ದು ನಾಲ್ಕೇ ದಿನ. ಹಾಲಿನ ಸೋಫಾ ಸೆಟ್ಟಿನ ಬಿಲ್ ತೆಗೆದು ತೋರಿಸಿದರು, ಲಕ್ಷದ ಮೇಲಿತ್ತು. ಕೂತು ನೋಡಿದೆ. ಫೋಮ್ ಕುಸಿದು ಕೆಳಗಿನ ಪಟ್ಟಿ ತಾಗುತ್ತಿತ್ತು, ರೆಕ್ಸಿನ್ ಸಿಪ್ಪೆ ಏಳುತ್ತಿತ್ತು. ಅಂಥದ್ದನ್ನು ಎರಡನೇ ಸಲ ಕೊಳ್ಳುವವರು ಸಿಗುವುದಿಲ್ಲ. ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಹಸಿರು ಪೇಂಟ್ ಬಳಿದ ಒಂದು ಕಪಾಟಿತ್ತು. ‘ಅದನ್ನ ಹಾಗೇ ತಗೊಂಡು ಹೋಗಿ’ ಅಂದರು.

ಅದರ ಡ್ರಾಯರ್ ಎಳೆದು ತಲೆಕೆಳಗು ಮಾಡಿದೆ. ಡ್ರಾಯರಿನ ಅಡಿಗೆ ಯಾರೂ ಪೇಂಟ್ ಹೊಡೆಯುವುದಿಲ್ಲ. ಉಗುರಿನಲ್ಲಿ ಕೆರೆದು ಮೂಸಿದರೆ ಹಳೇ ತೊಗಲಿನಂಥ ವಾಸನೆ. ತೇಗ! ಮೂಲೆಯಲ್ಲಿ ಹಲಗೆಗಳನ್ನು ಒಂದಕ್ಕೊಂದು ಕೂಡಿಸಿದ ಹಲ್ಲುಗಳು ಒಂದೊಂದು ಒಂದೊಂದು ಅಳತೆ, ಅಂದರೆ ಕೈಕೆಲಸ. ಅವತ್ತು ನಾನು ಬಾಯಿ ಬಿಡಲಿಲ್ಲ. ಪೇಂಟ್ ಕೆರೆಸಿ ಪಾಲಿಶ್ ಮಾಡಿಸಿದ ಮೇಲೆ, ಆ ಮನೆಯ ಅಷ್ಟೂ ಸಾಮಾನಿಗೆ ನಾನು ಕೊಟ್ಟ ದುಡ್ಡನ್ನು ಅದೊಂದೇ ಕಪಾಟು ತಂದುಕೊಟ್ಟಿತು. ಈ ಅಂಕಣ ಬರೆಯಲು ಅದೂ ಒಂದು ಕಾರಣ ಇರಬಹುದು.

ಹಾಗಾಗಿ ನನ್ನಂಥವರನ್ನು ಕರೆಯುವ ಮೊದಲು ಡ್ರಾಯರ್‌ಗಳನ್ನು ನೀವೇ ಮಗುಚಿ ನೋಡಿ. ಬೀಟೆಯಾದರೆ ತೇಗಕ್ಕಿಂತ ಭಾರ, ನೇರಳೆ ಬೆರೆತ ಕಪ್ಪು ಗೆರೆ ಕಾಣುತ್ತದೆ. ಹಲಸು ಹೊಸದರಲ್ಲಿ ಹಳದಿ, ಹಳೆಯದಾದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಕಾಲಿನ ಬುಡದಲ್ಲಿ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳ ಇನ್ನೂ ಒಳಗಿದೆ ಅಂತ. ಒಮ್ಮೆ ಅಂಥ ಮಂಚವನ್ನು ನೋಡದೆ ತಂದು ಅಂಗಡಿಯ ಇನ್ನೂ ಎರಡು ಮೇಜು ಹಾಳು ಮಾಡಿಕೊಂಡಿದ್ದೇನೆ. ಬೀಟೆ ಮೇಜನ್ನು ವಿದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಮೊದಲೇ ವಿಚಾರಿಸಿ. 2017ರಿಂದ ಬೀಟೆಯ ಕುಲದ ಮರಗಳೆಲ್ಲ ಸೈಟಿಸ್ ಪಟ್ಟಿಯಲ್ಲಿವೆ, ಅಂದರೆ ಅಳಿವಿನ ಭಯ ಇರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿ. ಒಂದೊಂದು ಸಾಮಾನಿನಲ್ಲಿರುವ ಆ ಮರದ ತೂಕ 10 ಕೆಜಿ ದಾಟಿದರೆ ಕಾಗದಪತ್ರ ಕೇಳುತ್ತಾರೆ.

ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್ ಕಥೆಯೇ ಬೇರೆ. ಅದು ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ. ಒಂದು ಸಲ ಬಿಚ್ಚಿದರೆ ಸ್ಕ್ರೂ ತೂತು ಸಡಿಲವಾಗಿ ಮತ್ತೆ ಬಿಗಿ ಹಿಡಿಯುವುದಿಲ್ಲ. ನಿಂತಾಗ ಇರುವ ಬೆಲೆ ಬಿಚ್ಚಿದ ಮೇಲೆ ಇರುವುದಿಲ್ಲ. ಆದ್ದರಿಂದ ಅದನ್ನು ನನಗೆ ಕೊಡಬೇಡಿ. ನಿಮ್ಮದೇ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿ. ಹಾಗೇ ಎತ್ತಿಕೊಂಡು ಲಿಫ್ಟಿನಲ್ಲಿ ಹೋಗುವವರು ಕೊಡುವಷ್ಟು ನಾನು ಕೊಡಲಾರೆ. ಇನ್ನು ಮನೆ ಮಾಲೀಕರನ್ನೇ ಒಂದು ಮಾತು ಕೇಳಿ. ಮುಂದೆ ಬರುವ ಬಾಡಿಗೆದಾರರಿಗೆ ಬೇಕಾಗಿರುತ್ತದೆ, ಬಹಳ ಜನ ಇದನ್ನು ಮರೆಯುತ್ತಾರೆ.

ವಾಷಿಂಗ್ ಮೆಷಿನ್, ಫ್ರಿಜ್‌ಗಳನ್ನು ಪ್ಲಗ್ ಕೀಳುವ ಮುಂಚೆ ಮಾರಿ. ಓಡುವ ಮೆಷಿನ್‌ಗೆ ಒಂದು ರೇಟು, ‘ಚೆನ್ನಾಗಿ ಓಡ್ತಿತ್ತು’ ಅನ್ನುವ ಮೆಷಿನ್‌ಗೆ ಇನ್ನೊಂದು ರೇಟು. ಕೆಟ್ಟ ಗೀಸರನ್ನು ಪುಕ್ಕಟೆ ಕೊಡಬೇಡಿ, ಹಳೇ ಕಾಲದ ಕೆಲವು ಗೀಸರಿನ ಒಳಗಿನ ಟ್ಯಾಂಕು ತಾಮ್ರದ್ದು. ಯುಪಿಎಸ್ ಬ್ಯಾಟರಿಯ ಒಳಗಿನ ಸೀಸಕ್ಕೂ ತೂಕದ ಮೇಲೆ ಬೆಲೆ ಇದೆ.

ಪಾತ್ರೆಗಳನ್ನು ಸಾಮಾನಿನ ಲಾಟಿಗೆ ಸೇರಿಸಲೇಬೇಡಿ. ಹಂಡೆ, ಕೊಳಗ, ಕೊಪ್ಪರಿಗೆಗಳನ್ನು ತೂಗಿಸಿ ಬೇರೆಯಾಗಿಯೇ ಮಾರಬೇಕು. ಹುಣಸೆಹಣ್ಣು ಹಚ್ಚಿ ಒಂದು ಮೂಲೆ ಉಜ್ಜಿ. ಕೆಂಪಾದರೆ ತಾಮ್ರ, ಹಳದಿಯಾದರೆ ಹಿತ್ತಾಳೆ, ತಾಮ್ರಕ್ಕೆ ರೇಟು ಜಾಸ್ತಿ. ಕಪ್ಪು ಹಿಡಿದ ಪಾತ್ರೆಯನ್ನು ನಾವೆಲ್ಲ ಹಿತ್ತಾಳೆ ಅಂತಲೇ ಬರೆದುಕೊಳ್ಳುತ್ತೇವೆ. ಕಂಠದ ಮೇಲೆ ಅಜ್ಜಿಯ ಹೆಸರು, ಮದುವೆಯ ಇಸವಿ ಕೆತ್ತಿಸಿರುತ್ತಾರೆ. ಗುಜರಿಯಲ್ಲಿ ಆ ಅಕ್ಷರಕ್ಕೆ ಕಾಸಿಲ್ಲ. ಕೊಟ್ಟು ವಾರವಾದ ಮೇಲೆ ಫೋನ್ ಮಾಡಿ ‘ಅಜ್ಜಿ ಚೊಂಬು ಇದೆಯಾ’ ಅಂತ ಕೇಳುವವರು ಇದ್ದೇ ಇರುತ್ತಾರೆ. ಅಷ್ಟರಲ್ಲಿ ಅದು ಕರಗಿರುತ್ತದೆ.

ದೇವರ ಮನೆಯ ಹಳೇ ವಿಗ್ರಹ, ಚಿತ್ರಪಟಗಳಿಗೆ ನಾನು ಕೈ ಹಾಕುವುದಿಲ್ಲ. 1972ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಿಗ್ರಹ, ಚಿತ್ರ ಪುರಾತನ ವಸ್ತು. ಬೆಲೆಯುಳ್ಳ ಹಸ್ತಪ್ರತಿಗೆ 75 ವರ್ಷವೇ ಸಾಕು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ನನ್ನ ಬಳಿ ಇಲ್ಲ. ತಾಳೆಗರಿ ಕಟ್ಟನ್ನು ರದ್ದಿ ಜೊತೆ ಹಾಕುವವರನ್ನು ಕಂಡರೆ ಮಾತ್ರ ಹೊಟ್ಟೆ ಉರಿಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ 1905ರಲ್ಲಿ ವಿದ್ವಾಂಸ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಮೈಸೂರಿನಲ್ಲಿ, ಅಂಥದೇ ಒಂದು ತಾಳೆಗರಿ ಕಟ್ಟಿನಲ್ಲಿ.

ಆನ್‌ಲೈನಿನಲ್ಲಿ ಮಾರುವುದಾದರೆ ಒಂದೇ ಎಚ್ಚರ. ಸಾಮಾನು ನೋಡದೆಯೇ ‘ನಾನು ಆರ್ಮಿಯವನು, ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅಂದವನ ಫೋನ್ ಇಟ್ಟುಬಿಡಿ. ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಿಲ್ಲ. ಆಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಗ್ಯಾಸ್ ಸಿಲಿಂಡರನ್ನು ಯಾರಿಗೂ ಮಾರಬೇಡಿ. ರೆಗ್ಯುಲೇಟರ್ ಸಮೇತ ಏಜೆನ್ಸಿಗೆ ಒಪ್ಪಿಸಿದರೆ ಠೇವಣಿ ವಾಪಸ್ ಬರುತ್ತದೆ. ಇಷ್ಟೆಲ್ಲ ಆದ ಮೇಲೂ ಉಳಿಯುವುದಿರುತ್ತದಲ್ಲ, ಮುಚ್ಚಳ ಇಲ್ಲದ ಕುಕ್ಕರು, ಪರದೆ ಸರಳು, ಹಾಸಿಗೆ, ಅದಕ್ಕೆ ನನ್ನನ್ನು ಕರೆಯಿರಿ. ಅವಾಗ ಬೇಕಾದರೆ ತಾರೀಖು ಹೇಳಿ. ಬೀರುವಿನ ಲಾಕರ್ ಮಾತ್ರ ನನ್ನ ಎದುರೇ ತೆಗೆದು ಒಳಗೆ ಕೈಯಾಡಿಸಿ. ಹೋದ ತಿಂಗಳು ಒಂದು ಬೀರುವಿನ ಲಾಕರಿನ ಹಿಂದೆ ಜಾರಿ ಬಿದ್ದಿದ್ದ ಎಫ್‌ಡಿ ರಸೀದಿಯೊಂದು ಸಿಕ್ಕಿತು. ಮನೆಯವರು ಅಷ್ಟು ಹೊತ್ತಿಗೆ ವಿಮಾನ ಹತ್ತಿದ್ದರು.