ತಳದಲ್ಲಿ ಕತ್ತಿ ಗುರುತಿದೆ, ಟೀಪಾಟ್ ಹಳೆಯದೇ?

ಪ್ರಶ್ನೆ: ನಮ್ಮಲ್ಲಿ ಹೂಗೊಂಚಲಿನ ಚಿತ್ರವಿರುವ, ಅಂಚಿಗೆ ಚಿನ್ನದ ಗೆರೆ ಎಳೆದ ಪಿಂಗಾಣಿ ಟೀಪಾಟ್ ಇದೆ. ತಳದಲ್ಲಿ ನೀಲಿಯಲ್ಲಿ ಎರಡು ಅಡ್ಡ ಕತ್ತಿಗಳ ಗುರುತು. ಹಾಗಾದರೆ ಇದು ಹದಿನೆಂಟನೇ ಶತಮಾನದ ಮೈಸನ್ ಕಾರ್ಖಾನೆಯದು ತಾನೇ?

ಉತ್ತರ: ಇದ್ದರೂ ಇರಬಹುದು, ಆದರೆ ಆ ಗುರುತನ್ನು ನಂಬಿ ಹಾಗೆ ಹೇಳಲು ಬರುವುದಿಲ್ಲ. ಇದೇ ಮಾತನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ: ಪಾತ್ರೆಯನ್ನು ಮೊದಲು ನೋಡಿ, ತಳವನ್ನು ಕೊನೆಗೆ. ಕೈಗೆ ಬಂದ ಕೂಡಲೇ ಬೋರಲು ಹಾಕುವವರೇ ಹೆಚ್ಚು.

ಜರ್ಮನಿಯ ಮೈಸನ್ ಕಾರ್ಖಾನೆ ಶುರುವಾದದ್ದು 1710ರಲ್ಲಿ. ಕತ್ತಿ ಗುರುತು 1720ರ ದಶಕದಿಂದ ಬಂತು, ಇವತ್ತಿಗೂ ನಡೆದಿದೆ. ಅಂದರೆ ಗುರುತು ಅಸಲಿಯೇ ಆದರೂ ಅದರ ಹಿಂದೆ ಮುನ್ನೂರು ವರ್ಷಗಳ ಹರವಿದೆ. ಮೇಲಾಗಿ ಹೆಸರು ಮಾಡಿದವರ ಗುರುತೇ ನಕಲಾಗುವುದು. ಇಂಗ್ಲೆಂಡಿನ ವೂಸ್ಟರ್‌ನವರು ಹದಿನೆಂಟನೇ ಶತಮಾನದಲ್ಲೇ ಇಂಥ ಕತ್ತಿಗಳನ್ನು ಬರೆದರು. ಚೀನಾದಲ್ಲಿ ಕಾಂಗ್‌ಶಿ ಚಕ್ರವರ್ತಿಯ ಕಾಲದ (1662–1722) ಎಷ್ಟೋ ಪಾತ್ರೆಗಳ ಮೇಲೆ ಅದಕ್ಕೂ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ಆಳ್ವಿಕೆಯ ಹೆಸರಿದೆ. ಅದರಲ್ಲಿ ಮೋಸಕ್ಕಿಂತ ಹಿಂದಿನವರ ಮೇಲಿನ ಗೌರವವೇ ಹೆಚ್ಚು. ಹೆಸರು ಓದಿ ಕಾಲ ಹೇಳುವವರು ಮಾತ್ರ ಎಡವುತ್ತಾರೆ.

ಗುರುತು ಅಸಲಿ, ಕಾಲವೂ ಸರಿ ಎಂದೇ ಇಟ್ಟುಕೊಳ್ಳಿ. ಆಗಲೂ ಅದು ಚಿತ್ರದ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಇದು ಬಹಳ ಜನರ ತಲೆಗೆ ಹೋಗದ ಸಂಗತಿ. ಕೋಬಾಲ್ಟ್ ನೀಲಿಯ ಗುರುತು ಸಾಮಾನ್ಯವಾಗಿ ಗ್ಲೇಜ್‌ನ, ಅಂದರೆ ಪಾತ್ರೆಯ ಮೇಲಿನ ಗಾಜಿನಂಥ ಲೇಪದ, ಅಡಿಯಲ್ಲಿರುತ್ತದೆ. ಗ್ಲೇಜ್ ಜೊತೆಗೇ ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೆಂದಿರುತ್ತದೆ. ಕೆಂಪು, ಹಸಿರು, ಹಳದಿಯ ಎನಾಮೆಲ್ ಬಣ್ಣಗಳು ಆಮೇಲೆ ಗ್ಲೇಜ್ ಮೇಲೆ ಬರೆದಂಥವು. ಅವು ಬೇಯುವುದು 750ರಿಂದ 850 ಡಿಗ್ರಿಯಲ್ಲಿ. ಈ ಎರಡು ಸುಡುವಿಕೆಗಳ ನಡುವೆ ಒಂದು ವಾರವೂ ಇರಬಹುದು, ನೂರು ವರ್ಷವೂ ಇರಬಹುದು. ಬಿಳಿಯಾಗಿಯೇ ಉಳಿದ ಮೈಸನ್ ಪಾತ್ರೆಗಳನ್ನು ಕೊಂಡು, ಆಗ್ಸ್‌ಬರ್ಗ್‌ನಂಥ ಊರುಗಳಲ್ಲಿ ಮನೆಯಲ್ಲೇ ಕೂತು ಬಣ್ಣ ಹಾಕುತ್ತಿದ್ದ ಕುಶಲಕರ್ಮಿಗಳಿದ್ದರು. ಕತ್ತಿಗಳಿಗೆ ಅಡ್ಡವಾಗಿ ಗ್ಲೇಜ್ ಕೊರೆದ ಗೀರು ಕಂಡರೆ, ಕಾರ್ಖಾನೆ ಅದನ್ನು ಎರಡನೇ ದರ್ಜೆಯೆಂದೋ ಬಣ್ಣವಿಲ್ಲದೆಯೋ ಮಾರಿತ್ತು ಎಂದರ್ಥ. ಹಳೆಯ ಬಿಳಿ ಪಾತ್ರೆಯನ್ನು ಬಹಳ ಕಾಲದ ನಂತರ ಮತ್ತೆ ಭಟ್ಟಿಗಿಟ್ಟರೆ, ಒಳಗೆ ಸೇರಿದ್ದ ತೇವ, ಕೊಳೆ ಹೊರಬಂದು ಗ್ಲೇಜ್ ಮೇಲೆ ಕಪ್ಪು ಚುಕ್ಕೆ, ಸೂಜಿಮೊನೆಯಂಥ ಗುಳಿ ಬಿಡುತ್ತವೆ. ತಳದ ಉಂಗುರದ ಸುತ್ತ ಹುಡುಕಿ.

‘ದೇಶದ ಹೆಸರಿಲ್ಲ, ಆದ್ದರಿಂದ 1891ಕ್ಕಿಂತ ಹಳೆಯದು’ ಎಂಬ ಇನ್ನೊಂದು ವಾದವೂ ಇದೇ ಜಾತಿಯದು. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಇರಬೇಕೆಂಬ ಕಾನೂನು ಆ ವರ್ಷದಿಂದ ನಡೆಯಿತು, ನಿಜ. ಆದರೆ ಬೇರೆಡೆ ಮಾರಿದ ಪಾತ್ರೆಗೆ ಅದರ ಹಂಗೇನು? ಕಾಗದದ ಚೀಟಿ ಅಂಟಿಸಿ ಕಳಿಸಿದ್ದರೆ ಅದು ಮೊದಲ ತೊಳೆತಕ್ಕೇ ಹೋಗಿರುತ್ತದೆ.

ಹಾಗಾದರೆ ನೋಡಬೇಕಾದ್ದು ಅಲಂಕಾರವನ್ನು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ಕುಂಚದ ಎಳೆಯಲ್ಲಿ ಬಣ್ಣ ಒಂದು ತುದಿಗೆ ದಟ್ಟ, ಇನ್ನೊಂದಕ್ಕೆ ತೆಳು. ತಾಮ್ರದ ಫಲಕದಿಂದ ತೆಳುಕಾಗದಕ್ಕೆ ಇಳಿಸಿ ಅಚ್ಚೊತ್ತಿದ ಚಿತ್ರವಾದರೆ ಸಣ್ಣ ಗೀಟುಗಳ ನೆರಳು ಕಾಣುತ್ತದೆ. ಹಿಡಿಯ ಅಡಿಯಲ್ಲೋ ಮೂತಿಯ ಬುಡದಲ್ಲೋ ಕಾಗದದ ಎರಡು ತುದಿ ಕೂಡುವಲ್ಲಿ ಬಳ್ಳಿ ತುಂಡಾಗಿರುತ್ತದೆ. ಜಾಲರಿಯಂತೆ ಸಾಲಾಗಿ ಕೂತ ಬಣ್ಣದ ಚುಕ್ಕೆಗಳಿದ್ದರೆ ಅದು ಈಚಿನ ಯಂತ್ರದ ಅಚ್ಚು, ಹದಿನೆಂಟನೇ ಶತಮಾನದ ಮಾತು ಅಲ್ಲಿಗೇ ಮುಗಿಯಿತು. ಚಿನ್ನವೂ ಮಾತಾಡುತ್ತದೆ. ಜೇನಿನಲ್ಲಿ ಅರೆದು ಹಚ್ಚಿದ ಹಳೆಯ ಚಿನ್ನ ಮೆತ್ತಗೆ, ದಪ್ಪ, ಹೊಳಪು ಮಂದ. ಕನ್ನಡಿಯಂತೆ ಮಿನುಗುವ ತೆಳು ಚಿನ್ನ ಹತ್ತೊಂಬತ್ತನೇ ಶತಮಾನದ್ದು ಅಥವಾ ಈಚಿನದು. ಸವೆತ ಇರಬೇಕಾದದ್ದು ಕೈ ಹೋಗುವ ಕಡೆ: ಹಿಡಿಯ ಮೇಲ್ಬಾಗು, ಮುಚ್ಚಳದ ಗುಬುಟು. ಯಾರೂ ಮುಟ್ಟದ ಮೂತಿಯ ಬುಡದಲ್ಲೂ ಸಮನಾಗಿ ಸವೆದಿದ್ದರೆ ಉಜ್ಜುಕಾಗದ ಆಡಿದೆ ಎಂದು ತಿಳಿಯಿರಿ.

ಇಷ್ಟು ನೋಡಿದ ಮೇಲೂ ಯಾರೂ ಕೇಳದ ಪ್ರಶ್ನೆ ಒಂದಿದೆ: ಮುಚ್ಚಳ ಈ ಪಾತ್ರೆಯದ್ದೇ? ಟೀಪಾಟ್‌ನಲ್ಲಿ ಮೊದಲು ಒಡೆಯುವುದೇ ಮುಚ್ಚಳ. ಹಸಿ ಪಿಂಗಾಣಿ ಬೇಯುವಾಗ ಗಣನೀಯವಾಗಿ ಕುಗ್ಗುತ್ತದೆ, ಆದ್ದರಿಂದ ಬೇರೆ ಪಾತ್ರೆಯ ಮುಚ್ಚಳ ಸರಿಯಾಗಿ ಕೂರುವುದು ಅಪರೂಪ. ಬೆರಳಿಟ್ಟು ಸುತ್ತಿಸಿ, ಕುಲುಕುತ್ತದೆಯೇ ನೋಡಿ. ಆಮೇಲೆ ಎರಡನ್ನೂ ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟು ಹಗಲ ಬೆಳಕಿನಲ್ಲಿ ಬಿಳುಪು ಹೋಲಿಸಿ. ಒಂದು ನೀಲಿ ಛಾಯೆ, ಇನ್ನೊಂದು ಕೆನೆಯ ಛಾಯೆ ಆದರೆ ಅವು ಒಂದೇ ಮನೆಯವಲ್ಲ. ಗಾಳಿ ಒಳಹೋಗಲು ಮುಚ್ಚಳದಲ್ಲಿ ಬಿಟ್ಟ ತೂತನ್ನೂ ನೋಡಿ. ಮೊದಲಿಂದ ಇದ್ದ ತೂತಿನ ಅಂಚಿಗೆ ಗ್ಲೇಜ್ ಹರಿದು ದುಂಡಗಾಗಿರುತ್ತದೆ. ಸಕ್ಕರೆ ಬಟ್ಟಲಿನ ಮುಚ್ಚಳವನ್ನು ತಂದು ಕೊರೆದದ್ದಾದರೆ ಅಂಚು ಒರಟು, ಸುತ್ತ ಚಕ್ಕೆ ಎದ್ದಿರುತ್ತದೆ.