ಒಂದೇ ಕಡಲು, ಎರಡು ಲೆಕ್ಕ

ಕಳೆದ ವರ್ಷ ನಮ್ಮ ಲ್ಯಾಬ್‌ಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಡಲ ಮಟ್ಟದ ಎರಡು ಗ್ರಾಫ್ ತಂದು ಮೇಜಿನ ಮೇಲಿಟ್ಟಳು. "ಮೇಡಂ, ಎಲ್ಲೋ ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ. ಬೆಳಿಗ್ಗೆಯಿಂದ ಹುಡುಕ್ತಾ ಇದ್ದೀನಿ, ಸಿಗ್ತಿಲ್ಲ." ಕಡಲು ಒಂದೇ, ವರ್ಷಗಳೂ ಅವೇ. ದಡದ ಮಾಪಕದ ಗೆರೆ ಇಳಿಯುತ್ತಿತ್ತು, ಉಪಗ್ರಹದ ಗೆರೆ ಏರುತ್ತಿತ್ತು. ಜಾಗ ಬೋತ್ನಿಯಾ ಕೊಲ್ಲಿ, ಸ್ವೀಡನ್ ಮತ್ತು ಫಿನ್ಲೆಂಡ್ ನಡುವೆ ಉತ್ತರಕ್ಕೆ ಚಾಚಿಕೊಂಡ ಬಾಲ್ಟಿಕ್ ಸಮುದ್ರದ ಭಾಗ. ಅವಳ ಕೋಡ್‌ನಲ್ಲಿ ತಪ್ಪಿರಲಿಲ್ಲ. ಎರಡು ಗೆರೆಗಳೂ ಸರಿಯಾಗಿಯೇ ಇದ್ದವು.

ಬೆಂಗಳೂರಲ್ಲಿ ಕೂತು ಬಾಲ್ಟಿಕ್ ಯಾಕೆ ಎಂದು ಮನೆಯವರೂ ಕೇಳುತ್ತಾರೆ. ಉಪಗ್ರಹದಿಂದ ಕಡಲ ಮಟ್ಟ ಅಳೆಯುವವರಿಗೆ ಅದು ಗರಡಿಮನೆ ಇದ್ದ ಹಾಗೆ. ಎತ್ತ ನೋಡಿದರೂ ದಡ, ಚಳಿಗಾಲದಲ್ಲಿ ಹಿಮ, ಬಾಯಿ ಕಿರಿದು. ಹಾಗೆಯೇ ನಮ್ಮ ಲೆಕ್ಕವನ್ನು ತಾಳೆ ನೋಡಲು ದಡದುದ್ದಕ್ಕೂ ಹಳೆಯ ಮಾಪಕಗಳಿವೆ. ಸ್ಟಾಕ್‌ಹೋಮ್‌ನ ದಾಖಲೆ 1774ರಿಂದ ಬಂದಿದೆ. ಹೆಚ್ಚುಕಡಿಮೆ ಎಡೆಬಿಡದೆ ಬರೆದಿಟ್ಟ ಕಡಲ ಮಟ್ಟದ ಲೆಕ್ಕಗಳಲ್ಲಿ ಜಗತ್ತಿನಲ್ಲಿ ಅದಕ್ಕಿಂತ ಉದ್ದದ್ದು ಇಲ್ಲ.

ಅದಕ್ಕೂ ಮೊದಲೇ ಒಬ್ಬರು ಗುರುತು ಹಾಕಿದ್ದರು. ಥರ್ಮಾಮೀಟರಿನ ಡಿಗ್ರಿಗೆ ಹೆಸರು ಕೊಟ್ಟ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ಯೆವ್ಲೆ ಊರಿನ ಹತ್ತಿರದ ಲೋವ್‌ಗ್ರುಂಡ್ ದ್ವೀಪದ ಬಂಡೆಯೊಂದರ ಮೇಲೆ ನೀರಿನ ಮಟ್ಟಕ್ಕೆ ಗೆರೆ ಕೆತ್ತಿಸಿದರು. ಹಿಂದೆ ಸೀಲ್ ಎಂಬ ಕಡಲ ಪ್ರಾಣಿಗಳು ಏರಿ ಮಲಗುತ್ತಿದ್ದ ಬಂಡೆಗಳು ನೀರಿನಿಂದ ತೀರಾ ಮೇಲೆದ್ದು ಬೇಟೆಗಾರರಿಗೆ ಬೇಡವಾಗಿದ್ದವು. ಉತ್ತರದ ಲೂಲಿಯೋ ಪಟ್ಟಣ 1621ರಲ್ಲಿ ಹುಟ್ಟಿ, ಬಂದರು ಆಳವಿಲ್ಲದಂತಾಗಿ 1649ರಲ್ಲಿ ಬೇರೆ ಜಾಗಕ್ಕೆ ಹೋಗಬೇಕಾಯಿತು. ಕಡಲ ನೀರು ಕಡಿಮೆಯಾಗುತ್ತಿದೆ ಎಂದು ಸೆಲ್ಸಿಯಸ್ ತೀರ್ಮಾನಿಸಿದರು. ಅಳತೆ ಸರಿ, ಕಾರಣ ತಪ್ಪು.

ಏಳುತ್ತಿರುವುದು ನೆಲ. ಹಿಮಯುಗದಲ್ಲಿ ಆ ಪ್ರದೇಶದ ಮೇಲೆ ಸುಮಾರು ಮೂರು ಕಿಲೋಮೀಟರ್ ದಪ್ಪದ ಹಿಮ ಕೂತಿತ್ತು. ಹತ್ತು ಸಾವಿರ ವರ್ಷಗಳ ಹಿಂದೆ ಅದು ಕರಗಿತು. ನಾದಿದ ಹಿಟ್ಟಿಗೆ ಬೆರಳೊತ್ತಿ ತೆಗೆದರೆ ಗುಳಿ ಒಮ್ಮೆಗೇ ಮುಚ್ಚದೆ ಮೆಲ್ಲಗೆ ಮೇಲೆ ಬರುತ್ತದಲ್ಲ, ಅಲ್ಲಿನ ನೆಲ ಇನ್ನೂ ಹಾಗೆ ಬರುತ್ತಿದೆ. ಬೋತ್ನಿಯಾ ಕೊಲ್ಲಿಯ ಪಶ್ಚಿಮ ದಡದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 10 ಮಿಲಿಮೀಟರ್, ಸ್ಟಾಕ್‌ಹೋಮ್‌ನಲ್ಲಿ ಸುಮಾರು 5, ಜರ್ಮನಿಯ ದಡಕ್ಕೆ ಬಂದರೆ ಇಲ್ಲವೆನ್ನುವಷ್ಟು ಕಡಿಮೆ. ಮಾಪಕವನ್ನು ಬಿಗಿದಿರುವುದು ಇದೇ ಏಳುವ ಬಂಡೆಗೆ. ಅದಕ್ಕೆ ಕಾಣುವುದು ನೆಲದ ಲೆಕ್ಕದಲ್ಲಿ ನೀರು ಎಲ್ಲಿದೆ ಎಂಬುದಷ್ಟೇ.

ಉಪಗ್ರಹಕ್ಕೆ ಈ ಬಂಡೆಯ ಹಂಗಿಲ್ಲ. 1992ರಲ್ಲಿ ಹಾರಿದ ಟೋಪೆಕ್ಸ್-ಪೊಸೈಡನ್, ಅದರ ಹಿಂದೆಯೇ ಬಂದ ಜೇಸನ್ ಸರಣಿ, 2020ರ ಸೆಂಟಿನೆಲ್-6, ಎಲ್ಲವೂ ಒಂದೇ ದಾರಿ ಹಿಡಿದು 1,336 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಸುಮಾರು ಹತ್ತು ದಿನಕ್ಕೊಮ್ಮೆ ಅದೇ ಗೆರೆಯ ಮೇಲೆ ಮರಳುತ್ತಾ ಬಂದಿವೆ. ಮೇಲಿಂದ ರೇಡಾರ್ ತುಡಿತ (ಪಲ್ಸ್) ಬಿಡುತ್ತವೆ. ನೀರಿಗೆ ತಾಗಿ ಅದು ವಾಪಸು ಬರಲು ಸುಮಾರು 9 ಮಿಲಿಸೆಕೆಂಡ್ ಬೇಕು. ಆ ಹೊತ್ತಿನಲ್ಲಿ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ಕಡಲ ಮಟ್ಟ 15 ಸೆಂ.ಮೀ. ತಪ್ಪುತ್ತದೆ. ಉಪಗ್ರಹ ಎಲ್ಲಿದೆ ಎಂಬುದು ಭೂಮಿಯ ಕೇಂದ್ರದ ಲೆಕ್ಕದಲ್ಲಿ ಬೇರೆಯಾಗಿ, ಒಂದೆರಡು ಸೆಂಟಿಮೀಟರ್ ಒಳಗೆ ಗೊತ್ತಿರುತ್ತದೆ. ಆ ಎತ್ತರದಿಂದ ಈ ದೂರ ಕಳೆದರೆ ನೀರಿನ ಮಟ್ಟ ಸಿಗುತ್ತದೆ. ಹೇಳಲು ಇಷ್ಟೇ.

ಮಾಡಲು ಕೂತಾಗ ಗೊತ್ತಾಗುತ್ತದೆ. ಒಣ ಗಾಳಿಯೊಂದೇ ತುಡಿತವನ್ನು 2.3 ಮೀಟರ್ ದೂರಕ್ಕೆ ಸಮನಾಗುವಷ್ಟು ತಡ ಮಾಡಿಸುತ್ತದೆ. ಇದು ಹೆಚ್ಚು ಕಾಡುವುದಿಲ್ಲ, ವಾಯುಭಾರದಿಂದ ಲೆಕ್ಕ ಹಾಕಬಹುದು. ಕಾಡುವುದು ನೀರಾವಿ. ಅದು ಗಂಟೆಗಂಟೆಗೂ ಬದಲಾಗುತ್ತದೆ. ಅದನ್ನು ಅಳೆಯಲು ಉಪಗ್ರಹದಲ್ಲೇ ರೇಡಿಯೋಮೀಟರ್ ಇದೆ, ಆದರೆ ಅದರ ಕಣ್ಣಿಗೆ ಒಮ್ಮೆಗೆ ಬೀಳುವ ಜಾಗ ಹತ್ತಾರು ಕಿ.ಮೀ. ಅಗಲ. ಆ ಅಗಲದೊಳಗೆ ದಡ ಬಂತೆಂದರೆ ಲೆಕ್ಕ ಕೆಟ್ಟಿತು. ಅರಬ್ಬೀ ಸಮುದ್ರದ ನಡುವೆ ಈ ತಾಪತ್ರಯವಿಲ್ಲ. ಬಾಲ್ಟಿಕ್‌ನಲ್ಲಿ ದ್ವೀಪಗಳೇ ಸಾವಿರಾರು.

ಇಲ್ಲಿ ನಮ್ಮ ಕಡೆಯ ಒಂದು ಮಾತು. 2013ರ ಫೆಬ್ರುವರಿ 25ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಹಾರಿಸಿದ ಸರಳ್ ಉಪಗ್ರಹ ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಜಂಟಿಯಾಗಿ ಮಾಡಿದ್ದು. ಅದರ ಆಲ್ಟಿಕಾ ರೇಡಾರ್ ಉಳಿದವುಗಳಿಗಿಂತ ಚಿಕ್ಕ ತರಂಗದ್ದು, ಕಾ ಬ್ಯಾಂಡಿನದು. ಹಾಗಾಗಿ ನೀರಿನ ಮೇಲೆ ಅದು ಬೆಳಗಿಸುವ ಜಾಗವೂ ಚಿಕ್ಕದು, ದಡಕ್ಕೆ ಇನ್ನಷ್ಟು ಹತ್ತಿರ ಹೋಗಿ ಅಳೆಯಬಹುದು. ಮಳೆ ಬಂದರೆ ಮಾತ್ರ ಸಂಕೇತ ಸೊರಗುತ್ತದೆ. ಕನ್ನಡದಲ್ಲಿ ಸರಳು ಎಂದರೆ ಬಾಣವೂ ಹೌದು. ಹೆಸರಿಟ್ಟವರಿಗೆ ಅದು ಗೊತ್ತಿತ್ತೋ ಇಲ್ಲವೋ, ನನಗಂತೂ ಹೊಂದುತ್ತದೆ ಅನ್ನಿಸುತ್ತದೆ.

ಇನ್ನು ಹಿಮ. ಇದರಲ್ಲಿ ನಾನೇ ಮುಗ್ಗರಿಸಿದ್ದೇನೆ. ಬೋತ್ನಿಯಾದ ನೀರಿಗೆ ಉಪ್ಪು ಬಹಳ ಕಡಿಮೆ, ಚಳಿಗಾಲದಲ್ಲಿ ಬೇಗ ಹೆಪ್ಪುಗಟ್ಟುತ್ತದೆ. ತೆರೆದ ಕಡಲಿನಿಂದ ಬರುವ ಪ್ರತಿಧ್ವನಿಯ ಆಕಾರ ನಮಗೆ ಪರಿಚಿತ: ಕಡಿದಾಗಿ ಏರಿ, ನಿಧಾನವಾಗಿ ಇಳಿಜಾರಾಗುತ್ತದೆ. ಹಿಮದ ಬಿರುಕುಗಳ ನಡುವಿನ ನಿಶ್ಚಲ ನೀರು ಕನ್ನಡಿಯ ಹಾಗೆ ಹೊಳೆದು, ಸೂಜಿಯಂಥ ಒಂದು ಮೊನೆಯನ್ನು ಕಳಿಸುತ್ತದೆ. ತೆರೆದ ಕಡಲಿಗೆಂದು ಬರೆದ ಪ್ರೋಗ್ರಾಮಿಗೆ ಇದು ಅರ್ಥವಾಗುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಇಂಥ ಬಿಂದುಗಳನ್ನೆಲ್ಲ ಒಂದೇ ಸಾಲಿನ ಕೋಡ್‌ನಲ್ಲಿ ಗುಡಿಸಿ ಹಾಕಿದೆ. ಗ್ರಾಫ್ ನುಣ್ಣಗೆ ಬಂತು, ನನಗೂ ಖುಷಿಯಾಯಿತು. ಹಿರಿಯರೊಬ್ಬರು ನೋಡಿ ಕೇಳಿದ್ದು ಒಂದೇ ಮಾತು: "ಕಡಲ ಮೇಲೆ ಹಿಮ ಕಟ್ಟೋ ವರ್ಷ ಯಾವುದಮ್ಮಾ, ಕಟ್ಟದ ವರ್ಷ ಯಾವುದು?"

ಹಿಮ ಗಟ್ಟಿಯಾಗಿ ಕಟ್ಟುವುದು ಗಾಳಿ ಕಡಿಮೆ ಇದ್ದು ಚಳಿ ಕೊರೆಯುವ ವರ್ಷಗಳಲ್ಲಿ. ಆ ಚಳಿಗಾಲಗಳಲ್ಲಿ ನೀರಿನ ಮಟ್ಟ ಕೆಳಗಿರುತ್ತದೆ. ಅಟ್ಲಾಂಟಿಕ್ ಕಡೆಯಿಂದ ಪಡುವಣ ಗಾಳಿ ಜೋರಾಗಿ ಬೀಸಿದರೆ ಚಳಿ ಕಡಿಮೆ, ಹಿಮ ಕಡಿಮೆ, ನೀರು ಮೇಲೆ. ಹಿಮದ ಬಿಂದುಗಳನ್ನು ಎಸೆಯುತ್ತಾ ನಾನು ಎಸೆದದ್ದು ನೀರು ಕೆಳಗಿದ್ದ ಚಳಿಗಾಲಗಳನ್ನೇ. ಉಳಿದದ್ದು ತುಂಬಿದ ವರ್ಷಗಳು. ಗೆರೆ ನುಣ್ಣಗಿತ್ತು, ಆದರೆ ಸುಳ್ಳು ಹೇಳುತ್ತಿತ್ತು. ಈಗ ಆ ಬಿರುಕುಗಳ ಸೂಜಿಮೊನೆಯನ್ನೇ ಬೇರೆ ವಿಧಾನದಿಂದ ಓದಿ, ಹಿಮದ ನಡುವಿನ ನೀರಿನ ಮಟ್ಟವನ್ನೂ ತೆಗೆಯುತ್ತಾರೆ.

ಗಾಳಿಗೂ ನೀರಿನ ಮಟ್ಟಕ್ಕೂ ಇಷ್ಟು ನಂಟು ಯಾಕೆಂದರೆ, ಬಾಲ್ಟಿಕ್ ಒಂದು ದೊಡ್ಡ ಕೆರೆ, ತೂಬು ತೀರಾ ಸಣ್ಣದು. ಹೊರಗಿನ ಕಡಲಿಗೆ ದಾರಿ ಡೆನ್ಮಾರ್ಕಿನ ಜಲಸಂಧಿಗಳು ಮಾತ್ರ. ಅವುಗಳಲ್ಲೊಂದಾದ ಓರೆಸುಂಡ್ ಒಂದು ಕಡೆ ಸುಮಾರು 4 ಕಿ.ಮೀ.ಗೆ ಕಿರಿದಾಗುತ್ತದೆ, ಅದರ ತಳದಲ್ಲಿ ಹೊಸ್ತಿಲಿನ ಹಾಗೆ ಎದ್ದಿರುವ ಕಡೆ ಆಳ ಸುಮಾರು 8 ಮೀಟರ್ ಅಷ್ಟೇ. ಮಂಗಳೂರು, ಕಾರವಾರದವರಿಗೆ ದಿನಕ್ಕೆರಡು ಬಾರಿ ಕಾಣುವ ಉಬ್ಬರ ಇಳಿತ ಅಲ್ಲಿ ಕೆಲವೇ ಸೆಂಟಿಮೀಟರ್. ಅಷ್ಟು ಬೇಗ ನೀರು ಒಳಗೆ ನುಗ್ಗಲು ದಾರಿಯೇ ಇಲ್ಲ. ಆದರೆ ವಾರಗಟ್ಟಲೆ ಪಡುವಣ ಗಾಳಿ ನೂಕಿದರೆ ಕೆರೆ ತುಂಬುತ್ತದೆ. 2014ರ ಡಿಸೆಂಬರ್‌ನಲ್ಲಿ ಹೀಗೇ ತುಂಬಿದಾಗ ಸುಮಾರು 198 ಘನ ಕಿ.ಮೀ. ಉಪ್ಪುನೀರು ಒಳಬಂದದ್ದು ದಾಖಲಾಗಿದೆ. ಬಾಲ್ಟಿಕ್‌ನ ಹರವು 3.77 ಲಕ್ಷ ಚದರ ಕಿ.ಮೀ. ಅದರ ಮಟ್ಟ ಒಂದೇ ಒಂದು ಸೆಂಟಿಮೀಟರ್ ಏರಬೇಕಾದರೆ ಎರಡೂವರೆ ಕೆಆರ್‌ಎಸ್ ತುಂಬುವಷ್ಟಕ್ಕಿಂತ ಹೆಚ್ಚು ನೀರು ಬೇಕು. ಸರಾಸರಿ ಆಳ ಬರೀ 55 ಮೀಟರ್ ಆದ್ದರಿಂದ ಬಿಸಿಗೆ ತಾನೇ ಹಿಗ್ಗಿ ಏರುವುದೂ ಕಡಿಮೆ. ಏರಿಕೆ ಹೆಚ್ಚಾಗಿ ಹೊರಗಿನಿಂದ ತೂಬಿನ ಮೂಲಕವೇ ಬರಬೇಕು.

1995ರಿಂದ 2019ರವರೆಗಿನ ಉಪಗ್ರಹ ಅಳತೆಗಳನ್ನು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಯೋಜನೆಯೊಂದು ಹೊಸದಾಗಿ ತೊಳೆದು ನೋಡಿತು. ಜರ್ಮನಿ, ಡೆನ್ಮಾರ್ಕಿನ ದಡದಲ್ಲಿ ಏರಿಕೆ ವರ್ಷಕ್ಕೆ 2ರಿಂದ 3 ಮಿ.ಮೀ., ಬೋತ್ನಿಯಾದ ಈಶಾನ್ಯದಲ್ಲಿ 6ರ ಹತ್ತಿರ. ಒಂದೇ ಕೆರೆಯ ಎರಡು ಏರಿ, ಎರಡು ವೇಗ. ನೈಋತ್ಯದ ಗಾಳಿ ನೀರನ್ನು ಆ ಮೂಲೆಗೆ ಒತ್ತುತ್ತಿರುವುದು ಇದಕ್ಕೆ ಮುಖ್ಯ ಕಾರಣ ಎನ್ನುತ್ತಾರೆ. ಅತಿ ಹೆಚ್ಚು ಏರಿಕೆ ಇರುವ ಕಡೆಯೇ ದಡದವರಿಗೆ ಕಡಲು ಇಳಿಯುತ್ತಿರುವಂತೆ ಕಾಣುತ್ತಿದೆ.

ಹಾಗೆಂದು ಮಾಪಕಗಳನ್ನು ಕಿತ್ತುಹಾಕಿ ಎನ್ನುವವರ ಜೊತೆ ನಾನಿಲ್ಲ. ಹತ್ತು ದಿನಕ್ಕೊಮ್ಮೆ ಬರುವ ಉಪಗ್ರಹ ಬಿರುಗಾಳಿಯನ್ನು ಕಂಡರೆ ಅದೃಷ್ಟ. 2023ರ ಅಕ್ಟೋಬರ್‌ನಲ್ಲಿ ಜರ್ಮನಿಯ ಫ್ಲೆನ್ಸ್‌ಬರ್ಗ್‌ನಲ್ಲಿ ನೀರು ಮಾಮೂಲಿಗಿಂತ ಎರಡು ಮೀಟರಿಗೂ ಮೇಲೆ ಬಂದು ಬೀದಿಗೆ ನುಗ್ಗಿದ್ದನ್ನು ಕ್ಷಣಕ್ಷಣಕ್ಕೂ ಬರೆದುಕೊಂಡದ್ದು ದಡದ ಮಾಪಕ. ಬೀದಿಯವರಿಗೆ ಬೇಕಾದದ್ದೂ ಭೂಮಿಯ ಕೇಂದ್ರದ ಲೆಕ್ಕವಲ್ಲ, ತಮ್ಮ ಹೊಸ್ತಿಲಿನ ಲೆಕ್ಕ.

ಹುಡುಗಿಗೆ ನಾನು ಹೇಳಿದ್ದು ಇಷ್ಟು: ಮಾಪಕದ ಪಕ್ಕದ ಜಿಪಿಎಸ್ ಸ್ಟೇಷನ್ ನೆಲ ಎಷ್ಟು ಏಳುತ್ತಿದೆ ಎಂದು ಹೇಳುತ್ತದೆ, ಅದನ್ನು ಕೂಡಿಸಿ ನೋಡು. ಸಂಜೆ ಹೊತ್ತಿಗೆ ಎರಡು ಗೆರೆಗಳೂ ಹತ್ತಿರ ಬಂದಿದ್ದವು. ಎಲ್ಲ ಸ್ಟೇಷನ್‌ಗಳಲ್ಲೂ ಅಲ್ಲ. ಒಂದು ಕಡೆ ವರ್ಷಕ್ಕೆ ಒಂದೂವರೆ ಮಿಲಿಮೀಟರ್ ಇನ್ನೂ ಉಳಿದುಕೊಂಡಿದೆ. ಆ ಸ್ಟೇಷನ್ ಮೇಲೆ ಹಾದುಹೋಗುವ ಗೆರೆಯಲ್ಲಿ ಯಾವುದೋ ದ್ವೀಪ ಸಿಕ್ಕಿಕೊಳ್ಳುತ್ತಿದೆ ಎಂಬುದು ಅವಳ ಗುಮಾನಿ. ನಕಾಶೆ ದೊಡ್ಡದು ಮಾಡಿ ಹುಡುಕುತ್ತಿದ್ದಾಳೆ.